ಕಟ್ಟಿಸಿದ ಹಲ್ಲಿಗೊಂದು ಫ್ರೆಂಚ್ ಹಾಡು

ಮಲ್ಕಾಜ್‌ಗಿರಿ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ ನನ್ನ ಹಲ್ಲಿನ ಕ್ಲಿನಿಕ್ ಇದೆ. ಅಲ್ಲಿ ಹಳೆಯ ಫ್ರೆಂಚ್ ಹಾಡುಗಳು ಮೊಳಗತೊಡಗಿದ್ದಕ್ಕೆ ಕಾರಣ ಟಿವಿ ರಿಮೋಟಿನ ಜಗಳ.

ಬಂದವರಿಗೆ ಹೊತ್ತು ಹೋಗಲಿ ಎಂದು ಹೊರಗಿನ ಕೋಣೆಯಲ್ಲಿ ಒಂದು ಟಿವಿ ಇಟ್ಟಿದ್ದೆ. ಆದರೆ ಹಲ್ಲುನೋವು ಹೊತ್ತು ಬಂದ ಮನುಷ್ಯರಿಗೆ ಸಹನೆ ಎಲ್ಲಿಂದ ಬರಬೇಕು? ತೆಲುಗು ಸೀರಿಯಲ್ ಬೇಕು ಎನ್ನುವವರು ಒಬ್ಬರು, ಹಿಂದಿ ಸುದ್ದಿ ಹಾಕಿ ಎನ್ನುವವರು ಇನ್ನೊಬ್ಬರು, ಕ್ರಿಕೆಟ್ ಬಿಟ್ಟು ಬೇರೇನೂ ನೋಡದವರು ಮತ್ತೊಬ್ಬರು. ಒಂದು ಸಂಜೆ ಕ್ಯಾಪ್ ಹಾಕಿಸಿಕೊಳ್ಳಲು ಬಂದ ಹೆಂಗಸೊಬ್ಬರು, ರೂಟ್ ಕೆನಾಲಿಗೆ ಬಂದ ಗಂಡಸೊಬ್ಬರು ರಿಮೋಟಿನ ಆ ತುದಿ ಈ ತುದಿ ಹಿಡಿದು ಎಳೆದಾಡಿ, ಅದರ ಸೆಲ್ಲುಗಳು ಸೋಫಾದ ಅಡಿಗೆ ಉರುಳಿದವು. ರಿಸೆಪ್ಷನ್ ನೋಡಿಕೊಳ್ಳುವಾಕೆ ಇಲ್ಲಿಯವಳೇ, ತೆಲುಗಿನವಳು. ಒಳಬಾಗಿಲಲ್ಲಿ ಮುಖ ಹಾಕಿ, “ಮೇಡಂ, ಮಳ್ಳೀ ಗೊಡವ!” ಎಂದಳು. ಮತ್ತೆ ಗಲಾಟೆ.

ಟಿವಿ ಅಂದೇ ಬಂದ್ ಆಯಿತು. ಆದರೆ ಮೌನ ಅದಕ್ಕಿಂತ ಕೆಟ್ಟದಾಗಿತ್ತು. ಒಳಗೆ ಡ್ರಿಲ್ ಕಿರುಗುಟ್ಟುವುದು ಹೊರಗೆ ನಿಚ್ಚಳವಾಗಿ ಕೇಳಿಸಿ, ಸರತಿಯಲ್ಲಿ ಕೂತವರು ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಮೆಟ್ಟಿಲಿಳಿಯತೊಡಗಿದರು. ಒಂದು ಸಣ್ಣ ಸ್ಪೀಕರ್ ತಂದೆ. ಕೊಳಲು ಹಾಕಿದರೆ, ಯಾರಾದರೂ ತೀರಿಕೊಂಡರೇ ಎಂದು ಕೇಳಿದರು. ತೆಲುಗು ಸಿನಿಮಾ ಹಾಡು ಹಾಕಿದರೆ ಯಾವ ಹೀರೋ ದೊಡ್ಡವನು ಎಂಬಲ್ಲಿಗೆ ಮಾತು ಹೋಗಿ ದನಿಗಳು ಏರಿದವು. ನಾನು ರಾಯಚೂರಿನವಳು, ಆಸೆಪಟ್ಟು ಒಂದು ದಿನ ಕನ್ನಡ ಭಾವಗೀತೆ ಹಾಕಿದೆ. ಮೇಡಂ ಊರಿನ ಕಡೆಯವರಿಗೆ ಇಲ್ಲಿ ಮೊದಲು ನಂಬರ್ ಸಿಗುತ್ತದೆ ಎಂಬ ಗುಸುಗುಸು ಹುಟ್ಟಿಕೊಂಡಿತು.

ಹೀಗಿರುವಾಗ ಒಮ್ಮೆ, ಫೋನಿನಲ್ಲಿ ಯಾವುದೋ ಪಿಟೀಲು ಮುಗಿದು ಮುಂದಿನದು ತಾನಾಗಿಯೇ ಶುರುವಾಯಿತು. ಒಬ್ಬ ಹೆಂಗಸಿನ ದನಿ. ಬಹಳ ಹಳೆಯ ರೆಕಾರ್ಡಿಂಗ್ ಇರಬೇಕು, ಹಿಂದುಗಡೆ ಸಾಸಿವೆ ಸಿಡಿದಂತೆ ಚಿಟಪಟ ಸದ್ದು. ಆಕೆ ಹಾಡುತ್ತಿದ್ದಾಳೋ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೋ ತಿಳಿಯದಂಥ ಹಾಡು. ಕೋಣೆಯಲ್ಲಿದ್ದವರೆಲ್ಲ ಒಮ್ಮೆ ತಲೆ ಎತ್ತಿ ಸ್ಪೀಕರ್ ಕಡೆ ನೋಡಿದರು. ಯಾರೂ ಚಕಾರ ಎತ್ತಲಿಲ್ಲ.

“ಇದೇಮಿ ಭಾಷ ಮೇಡಂ?” ಎಂದು ರಿಸೆಪ್ಷನ್ನಿನವಳು ಕೇಳಿದಳು.

ಫೋನ್ ನೋಡಿ, ಫ್ರೆಂಚ್ ಎಂದೆ.

“ಬಾಗುಂದಿ,” ಎಂದು ಆಕೆ ತಲೆದೂಗಿದಳು. ಚೆನ್ನಾಗಿದೆ, ಇರಲಿ ಎಂದು ಅರ್ಥ. ಆ ಭಾಷೆಯ ಮೇಲೆ ನಮ್ಮ ಬೀದಿಯಲ್ಲಿ ಯಾರಿಗೂ ಹಕ್ಕಿರಲಿಲ್ಲ, ಆದ್ದರಿಂದ ಜಗಳವೂ ಇರಲಿಲ್ಲ.

ಮಧ್ಯಾಹ್ನದ ಹೊತ್ತು ಕ್ಲಿನಿಕ್ ಮುಚ್ಚಿರುತ್ತದೆ. ಡಬ್ಬಿಯ ಊಟ ಮುಗಿಸಿ, ಪೇಷೆಂಟ್ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ಅದರಲ್ಲೇ ಒರಗುವುದು ನನ್ನ ರೂಢಿ. ಊರಿಗೆಲ್ಲ ಭಯ ಹುಟ್ಟಿಸುವ ಆ ಕುರ್ಚಿಯಷ್ಟು ಸುಖವಾದದ್ದು ನಮ್ಮ ಮನೆಯಲ್ಲೂ ಇಲ್ಲ. ಅಲ್ಲಿ ಮಲಗಿಕೊಂಡು ನಾನು ಆ ಹಾಡುಗಾರರನ್ನು ಒಬ್ಬೊಬ್ಬರನ್ನಾಗಿ ಹುಡುಕತೊಡಗಿದೆ. ಒಬ್ಬಾಕೆ ಬೀದಿಯ ಆ ಕೊನೆಯವರೆಗೂ ಕೇಳಲಿ ಎಂಬಂತೆ ಹಾಡುತ್ತಿದ್ದಳು. ಒಬ್ಬಾತ ಬಸ್ಸಿನ ಪಕ್ಕದ ಸೀಟಿನಲ್ಲಿ ಕೂತು ಗುಟ್ಟು ಹೇಳುವವನ ಹಾಗೆ, ಹಾಡಿದನೋ ಇಲ್ಲವೋ ಎಂಬಷ್ಟು ಮೆಲ್ಲಗೆ. ಮತ್ತೊಬ್ಬ ನಿಧಾನವಾಗಿ ಹೊರಟು, ವೇಗ ಏರಿಸುತ್ತ ಏರಿಸುತ್ತ ಕೊನೆಗೆ ಏದುಸಿರು ಬಿಟ್ಟು ನಿಲ್ಲುತ್ತಿದ್ದ. ಕೇಳಿದ ನನಗೇ ನೀರು ಕುಡಿಯಬೇಕೆನಿಸುತ್ತಿತ್ತು.

ಒಂದಕ್ಷರ ಅರ್ಥವಾಗದಿದ್ದರೂ ಒಂದು ಸಂಗತಿ ಅರ್ಥವಾಯಿತು. ಇವರು ರಾಗ ಮೆರೆಸಲು ಹಾಡುವವರಲ್ಲ, ಏನನ್ನೋ ಹೇಳಲು ಹಾಡುವವರು. ಮಾತು ಮುಂದೆ, ರಾಗ ಅದರ ಬೆನ್ನಿಗೆ. ಚಿಕ್ಕವಳಿದ್ದಾಗ ಅವ್ವ ನಮ್ಮನ್ನು ಕಂಪನಿ ನಾಟಕಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ನಟ ಮಾತಾಡುತ್ತ ಮಾತಾಡುತ್ತಲೇ ಹಾಡಿಗೆ ಏರಿಬಿಡುತ್ತಿದ್ದ, ಎಲ್ಲಿ ಏರಿದ ಎಂದು ಗೊತ್ತೇ ಆಗುತ್ತಿರಲಿಲ್ಲ. ಹಾರ್ಮೋನಿಯಂ ಪೇಟಿಯವನು ಮಾತ್ರ ಕಣ್ಣು ಕೀಳದೆ ಕಾದಿರುತ್ತಿದ್ದ. ಈ ಹಾಡುಗಳಲ್ಲೂ ಹಾಗೇ. ಪೇಟಿಯ ಬದಲು ಎದೆಗೆ ತೂಗುಹಾಕಿಕೊಳ್ಳುವ ಅಕಾರ್ಡಿಯನ್, ಅಷ್ಟೇ ವ್ಯತ್ಯಾಸ.

ಜೊತೆಗೆ ನನ್ನ ಕಸುಬಿನ ಕಿವಿ ಸುಮ್ಮನಿರುವುದಿಲ್ಲ. ಯಾರು ಬಾಯಿ ತೆರೆದರೂ ಅದು ಮೊದಲು ಹಲ್ಲಿನ ಹತ್ತಿರ ಹೋಗುತ್ತದೆ. ಫ್ರೆಂಚಿನವರ ರಕಾರ ನಮ್ಮ ಹಾಗೆ ಹಲ್ಲಿನ ಹಿಂದೆ ನಾಲಿಗೆ ಕುಣಿಸಿ ಹುಟ್ಟುವುದಲ್ಲ, ಗಂಟಲಲ್ಲಿ ಉಜ್ಜಿಕೊಂಡು ಬರುವಂಥದ್ದು. ಅರ್ಧ ಸ್ವರಗಳು ಮೂಗಿನ ಪಾಲು. ಇದನ್ನೆಲ್ಲ ತಿಳಿದು ನನಗೇನೂ ಆಗಬೇಕಿರಲಿಲ್ಲ, ಸುಮ್ಮನೆ ಖುಷಿಯಾಗುತ್ತಿತ್ತು.

ಆ ದಿನಗಳಲ್ಲೇ ಕಾಕಾ ಬಂದದ್ದು. ವಾಡಿ ಕಡೆಯವರು, ಗೂಡ್ಸ್ ಗಾಡಿಯ ಗಾರ್ಡ್ ಆಗಿ ರಿಟೈರಾದವರು. ನೌಕರಿ ಇಲ್ಲಿ ಮುಗಿದದ್ದಕ್ಕೆ ಇಲ್ಲೇ ಮನೆ ಮಾಡಿಕೊಂಡಿದ್ದರು. ನಮ್ಮ ಕಡೆಯವರಾದ್ದರಿಂದ ನನಗೆ ಅವರು ಕಾಕಾ, ಅವರ ಹೆಂಡತಿ ಕಾಕು. ಕಾಕಾರ ಬಾಯಿಯ ಅಳಿದುಳಿದ ಹಲ್ಲುಗಳನ್ನು ತೆಗೆದು, ಮೇಲಿಂದು ಕೆಳಗಿಂದು ಪೂರ್ತಿ ಸೆಟ್ ಮಾಡಿ ಕೊಟ್ಟಿದ್ದೆ. ಹಲ್ಲು ಚೆನ್ನಾಗಿಯೇ ಕೂತಿದ್ದವು. ಒಂದು ವಾರದ ಮೇಲೆ ಕಾಕು ಅವರನ್ನು ಕೈಹಿಡಿದು ಎಳೆದುಕೊಂಡು ಬಂದರು.

“ಡಾಕ್ಟರ್ ಬಾಯಾರ, ಹಲ್ಲು ಕಟ್ಟಿಸಿಕೊಂಡು ಹೋದಾಗಿಂದ ಇವರು ಮಾತ ಆಡವಲ್ಲರು ನೋಡ್ರಿ. ಹೂಂ ಅನ್ನೂದಿಲ್ಲ, ಹಾಂ ಅನ್ನೂದಿಲ್ಲ. ಮನಿ ಒಳಗ ನಾ ಒಬ್ಬಾಕಿನ ಒದರಾಡಾಕತ್ತೀನಿ.”

“ಯಾಕ್ರಿ ಕಾಕಾ? ನೋವ ಐತೇನು?” ಎಂದೆ.

ಕಾಕಾ ತಲೆ ಅಲ್ಲಾಡಿಸಿದರು. ಕಾಕುವೇ ಮುಂದುವರಿಸಿದರು. ರೈಲ್ವೆ ಕಾಲೊನಿಯ ಹಾಲ್‌ನಲ್ಲಿ ಭಾನುವಾರ ಸಂಜೆ ಎಲ್ಲ ಸೇರಿ ತಂಬೋಲಾ ಆಡುತ್ತಾರೆ. ನಂಬರ್ ಕೂಗುವವರು ಕಾಕಾ. ಒಂದೊಂದು ನಂಬರಿಗೆ ಒಂದೊಂದು ಚಟಾಕಿ ಹಾರಿಸಿ ಕೂಗುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಹೊಸ ಹಲ್ಲು ಹಾಕಿಕೊಂಡು ಹೋದ ಮೊದಲ ಭಾನುವಾರವೇ ಅರವತ್ತಾರು ಬಂತು. ಕಾಕಾ ಮೈಕಿನಲ್ಲಿ “ಸಿಕ್ಸ್ಟಿ ಸಿಕ್ಸ್” ಎಂದರು. ಪ್ರತಿ ಸಕಾರಕ್ಕೂ ಹಲ್ಲಿನ ಹಿಂದಿನಿಂದ ಒಂದು ಶಿಳ್ಳೆ ಹೊರಟಿತು.

“ಕುಕ್ಕರ್ ಸೀಟಿ ಹೊಡದಂಗ ಆತ್ರಿ. ಇಡೀ ಹಾಲ್ ನಕ್ಕೈತಿ,” ಎಂದರು ಕಾಕು.

ಕಾಕಾ ಅಂದಿನಿಂದ ಮೈಕ್ ಮುಟ್ಟಿರಲಿಲ್ಲ. ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ.

ನಾನು ಮೇಲಿನ ಸೆಟ್ ತೆಗೆದು, ಮುಂದಿನ ಹಲ್ಲುಗಳ ಹಿಂಬದಿಯನ್ನು ಸ್ವಲ್ಪ ತಿದ್ದಿಕೊಟ್ಟೆ. ಉಳಿದದ್ದು ನಾಲಿಗೆಯ ಅಭ್ಯಾಸ. ದಿನಾ ಪೇಪರನ್ನು ಗಟ್ಟಿಯಾಗಿ ಓದಿ ಎಂದೆ. ಅದಕ್ಕೆ ಕಾಕಾ ಮೊದಲ ಸಲ ಬಾಯಿ ತೆರೆದರು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, “ಓದಿದೆ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು,” ಎಂದರು. ಸಕಾರ ಇಲ್ಲದ ಮಾತುಗಳನ್ನೇ ಆರಿಸಿ ಆರಿಸಿ ಆಡುತ್ತಿದ್ದರು ಪಾಪ.

ಏನು ಹೇಳುವುದೆಂದು ಯೋಚಿಸುತ್ತಿದ್ದಾಗ ಹೊರಗೆ ಒಂದು ಹಾಡು ಶುರುವಾಯಿತು. ನನಗೆ ಥಟ್ಟನೆ ನೆನಪಾಯಿತು. ಆ ಹಾಡನ್ನು ಅದರ ಫ್ರೆಂಚ್ ಗಾಯಕ ಎರಡು ಸಲ ರೆಕಾರ್ಡ್ ಮಾಡಿದ್ದ. ಒಮ್ಮೆ ಹರೆಯದಲ್ಲಿ, ದೊಡ್ಡ ವಾದ್ಯಮೇಳ ಇಟ್ಟುಕೊಂಡು. ಇನ್ನೊಮ್ಮೆ ಮುದುಕನಾದ ಮೇಲೆ, ಯಾವುದೋ ವೇದಿಕೆಯಲ್ಲಿ, ಬರೀ ಪಿಯಾನೋ ಜೊತೆ. ಕೂತವರು ಕೆಮ್ಮುವುದೂ ಕೇಳಿಸುತ್ತದೆ. ಆ ಎರಡನೆಯದನ್ನು ಕೇಳಿದಾಗಲೆಲ್ಲ ನನಗೊಂದು ಅನುಮಾನ. ಆತನ ಸಕಾರಗಳಿಗೆ ಒಂದು ಸಣ್ಣ ಗಾಳಿ ಅಂಟಿಕೊಂಡಿತ್ತು.

ಕಾಕಾರನ್ನು ಕುರ್ಚಿಯಲ್ಲಿ ಒರಗಿಸಿಯೇ ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿದೆ.

“ಮೊದಲನೇದ್ರಾಗ ಸ್ವಂತ ಹಲ್ಲು. ಎರಡನೇದ್ರಾಗ ಕಟ್ಟಿಸಿದ್ದು ಅಂತ ನನಗ ಅನ್ನಸ್ತೈತಿ. ಖಾತ್ರಿ ಇಲ್ರಿ, ಮೈಕಿಂದೂ ಇರಬಹುದು. ಆದ್ರ ಕೇಳ್ರಿ.”

ಕಾಕಾ ಕಣ್ಣು ಮುಚ್ಚಿ ಕೇಳಿದರು. ಎರಡನೆಯದು ಮುಗಿದು ಚಪ್ಪಾಳೆ ಬಿದ್ದಾಗ ಕಣ್ಣು ತೆರೆದು, “ಯಾರೂ ನಗಲಿಲ್ಲಲ್ಲ,” ಎಂದರು. ಮತ್ತೊಮ್ಮೆ ಹಾಕಿ ಎಂದು ಬೆರಳೆತ್ತಿದರು. ನನ್ನ ಮುಂದಿನ ಪೇಷೆಂಟ್ ಹೊರಗೆ ಕಾಯುತ್ತಿದ್ದರು, ಆದರೂ ಹಾಕಿದೆ. ಈ ಸಲ ಕಾಕಾ ಹಾಡಿನ ಹಿಂದೆ ಹಿಂದೆಯೇ ಗುನುಗತೊಡಗಿದರು.

ಆ ಹಾಡನ್ನು ಫೋನಿಗೆ ಹಾಕಿಸಿಕೊಂಡು ಹೋದವರು ಮೂರು ದಿನ ಬಿಟ್ಟು ಬಂದರು. ಬಾಯಿಗೆ ಕೈ ಅಡ್ಡ ಇರಲಿಲ್ಲ.

“ಬಾಯಾರ, ಇದು ಭಾಳ ಮಜಾ ಭಾಷಾ ಐತ್ರಿ. ಒಂದ ಅಕ್ಷರ ಗಂಟಲದಾಗ, ಒಂದ ಮೂಗಿನಾಗ. ಹಲ್ಲಿಗೆ ಕೆಲಸಾನ ಕಡಿಮಿ. ಮತ್ತ ತಪ್ಪಿದ್ರ ತಪ್ಪಿತು ಅನ್ನಾಕ ಯಾರಿಗೆ ಗೊತ್ತೈತಿ?”

“ಮುಂಜಾನೆದ್ದು ಮಾಳಿಗಿ ಮ್ಯಾಲೆ ನಿಂತು ಹಾಡತಾರ್ರಿ,” ಎಂದರು ಕಾಕು. “ಬಾಜೂ ಮನಿಯವರು ಕೇಳಿದ್ರು, ಸಾಹೇಬ್ರು ಹೊಸಾ ಮಂತ್ರ ಕಲಿಯಾಕತ್ತಾರೇನು ಅಂತ.”

ಸೆಟ್ಟಿನ ಅಂಚು ಒತ್ತುತ್ತದೆ ಎಂದೋ, ಕೆಳಗಿನದು ಸಡಿಲ ಎಂದೋ ನೆಪ ಹೇಳಿಕೊಂಡು ಕಾಕಾ ಆಗಾಗ ಬರತೊಡಗಿದರು. ಅವರಿಗೆ ಬೇಕಾದದ್ದು ಬೇರೆ ಹಾಡುಗಳು. ನಾನು ಮಧ್ಯಾಹ್ನ ಹುಡುಕಿ ಇಟ್ಟದ್ದನ್ನು ಸಂಜೆ ಕೇಳಿಸುತ್ತಿದ್ದೆ. ಬೀದಿಗೆಲ್ಲ ಕೇಳುವಂತೆ ಹಾಡುವಾಕೆ ಅವರಿಗೆ ಹಿಡಿಸಲಿಲ್ಲ. “ಇಂಥಾ ದನಿ ಮನ್ಯಾಗ ಐತಲ್ರಿ,” ಎಂದು ಕಾಕುವಿನ ಕಡೆ ಓರೆಗಣ್ಣು ಹಾಯಿಸಿದರು. ಗುಟ್ಟು ಹೇಳುವಾತನಿಗೆ, “ಈತ ಮೊದಲು ಊಟ ಮಾಡಿ ಬರ್ಲಿ,” ಎಂದರು. ಎಲ್ಲ ಕೇಳಿ ಕೊನೆಗೆ ಮತ್ತೆ ಅದೇ ಮುದುಕನ ಹಾಡಿಗೇ ಬರುತ್ತಿದ್ದರು. ಅದು ಏನನ್ನು ಕುರಿತ ಹಾಡು ಎಂಬುದರ ಮೇಲೆ ಹೊರಗಿನ ಕೋಣೆಯಲ್ಲಿ ಭಾರೀ ಚರ್ಚೆ. ಕಾಕಾರ ಪ್ರಕಾರ ಭಜನೆ. ಕಾಕುವಿನ ಪ್ರಕಾರ ಯಾರೋ ಸತ್ತಿದ್ದಾರೆ. ರಿಸೆಪ್ಷನ್ನಿನವಳ ಪ್ರಕಾರ ಮಗಳನ್ನು ಗಂಡನ ಮನೆಗೆ ಕಳಿಸುತ್ತಿರುವ ತಂದೆ. ಅರ್ಥವನ್ನು ಫೋನಿನಲ್ಲೇ ಹುಡುಕಬಹುದಿತ್ತು, ಆದರೆ ಈ ಚರ್ಚೆಯ ರುಚಿ ಹತ್ತಿದ್ದರಿಂದ ನಾನೂ ಹುಡುಕಲಿಲ್ಲ.

ಅರ್ಥ ತಾನಾಗಿಯೇ ಮೆಟ್ಟಿಲು ಹತ್ತಿ ಬಂತು. ಮಂಗಳೂರು ಕಡೆಯ ಹುಡುಗಿಯೊಬ್ಬಳು ಬುದ್ಧಿಹಲ್ಲು ತೆಗೆಸಿಕೊಳ್ಳಲು ಬಂದಿದ್ದಳು. ಹಲ್ಲು ಅಡ್ಡ ಬೆಳೆದಿತ್ತು, ಕೊಯ್ದು ತೆಗೆದು ಹೊಲಿಗೆ ಹಾಕಿದೆ. ಗಾಜ್ ಬಟ್ಟೆ ಕಚ್ಚಿಸಿ, ಅರ್ಧ ಗಂಟೆ ಬಾಯಿ ತೆರೆಯಬಾರದು, ಮಾತಂತೂ ಬೇಡವೇ ಬೇಡ ಎಂದು ಹೊರಗೆ ಕೂರಿಸಿದೆ. ಅಷ್ಟರಲ್ಲಿ ಆ ಹಾಡು ಬಂತು. ಎದುರಿಗೆ ಕೂತಿದ್ದ ಕಾಕಾ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಪೂರಾ ಭಕ್ತಿಯಿಂದ ದನಿಗೂಡಿಸಿದರು.

ಹುಡುಗಿಯ ಭುಜ ಕುಣಿಯತೊಡಗಿತು. ಕೆನ್ನೆ ಒತ್ತಿ ಹಿಡಿದುಕೊಂಡರೂ ನಗೆ ತಡೆಯಲಾಗುತ್ತಿಲ್ಲ. ಕಾಕು ಥಟ್ಟನೆ ಗುರುತು ಹಿಡಿದರು.

“ಏ ತಂಗಿ, ನಿನಗ ಈ ಭಾಷಾ ಬರತೈತೇನು?”

ಹುಡುಗಿ ಹೌದೆಂದು ತಲೆಯಾಡಿಸಿದಳು. ಇಡೀ ಕೋಣೆ ಅವಳ ಸುತ್ತ ಸೇರಿತು. ನಾನು ಒಳಗಿನಿಂದಲೇ, “ಮಾತಾಡಿಸಬೇಡಿ, ರಕ್ತ ನಿಲ್ಲೋದಿಲ್ಲ!” ಎಂದು ಕೂಗಿದೆ. ಅವಳು ಎರಡೂ ಕೈ ಎತ್ತಿ, ತಾಳಿ ಎಂಬಂತೆ ಸನ್ನೆ ಮಾಡಿ, ಗಾಳಿಯಲ್ಲಿ ಬಾಗಿಲು ತಟ್ಟಿ ತೋರಿಸಿದಳು. ಆಮೇಲೆ ಕೈ ಜೋಡಿಸಿದಳು. ಆಮೇಲೆ ಬೊಗಸೆ ಬಾಯಿಗೊಯ್ದು ಏನನ್ನೋ ಕುಡಿದಳು.

“ಗುಡಿ ತಲುಪು!” ಎಂದರು ಯಾರೋ ತೆಲುಗಿನಲ್ಲಿ, ಗುಡಿಯ ಬಾಗಿಲಂತೆ.

“ತೀರ್ಥಂ, ತೀರ್ಥಂ!” ಎಂದಳು ರಿಸೆಪ್ಷನ್ನಿನವಳು.

“ನಾ ಹೇಳಿರಲಿಲ್ಲೇನು? ಭಜನಿ ಐತಿ,” ಎಂದು ಕಾಕಾ ಗೆದ್ದವರಂತೆ ಎಲ್ಲರ ಕಡೆ ನೋಡಿದರು. ಹುಡುಗಿ ತಲೆಯ ಮೇಲೆ ಕೈ ಹೊತ್ತು ಕೂತಳು.

ವಾರದ ನಂತರ ಹೊಲಿಗೆ ಬಿಚ್ಚಿಸಿಕೊಳ್ಳಲು ಬರುವಾಗ ಅವಳು ಸಿದ್ಧವಾಗಿಯೇ ಬಂದಿದ್ದಳು. ಕಾಕಾ, ಕಾಕು ಇಬ್ಬರೂ ಅವಳಿಗಿಂತ ಮೊದಲೇ ಬಂದು ಕೂತಿದ್ದರು, ಅಪಾಯಿಂಟ್‌ಮೆಂಟ್ ಇರಲಿಲ್ಲ.

“ಡಾಕ್ಟ್ರೇ, ನಾನು ಆಫೀಸಲ್ಲಿ ದಿನಾ ಫ್ರೆಂಚಿನವರ ಹತ್ರವೇ ಮಾತಾಡುದು,” ಎಂದಳು. “ಆದ್ರೆ ಮಲ್ಕಾಜ್‌ಗಿರಿಯಲ್ಲಿ ಹಲ್ಲು ಕೀಳಿಸ್ಲಿಕ್ಕೆ ಬಂದಲ್ಲಿ ಈ ಹಾಡು ಕೇಳ್ತೇನೆ ಅಂತ ಕನಸಲ್ಲೂ ಎಣಿಸಿರ್ಲಿಲ್ಲ ಮಾರಾಯ್ರೆ. ಅದು ಭಜನೆಯೂ ಅಲ್ಲ, ಎಂಥದೂ ಅಲ್ಲ. ಗಂಡ ತಡ ಮಾಡಿ ಮನೆಗೆ ಬಂದಿದ್ದಾನೆ. ಹೆಂಡತಿ ಬಾಗಿಲು ತೆಗೀತಾ ಇಲ್ಲ. ಒಳಗಿಂದ ಸೂಪಿನ ಪರಿಮಳ ಬರ್ತಾ ಉಂಟು. ಇವನು ಹೊರಗೆ ನಿಂತು, ‘ನಿನ್ನಂಥ ಸೂಪು ಊರಲ್ಲಿ ಯಾರೂ ಮಾಡುದಿಲ್ಲ, ಒಂದು ಬಟ್ಟಲು ಕೊಡು’ ಅಂತ ಬೇಡಿಕೊಳ್ಳುದು.”

ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಡೆಯಲಾರದೆ ಸೆರಗು ಬಿಟ್ಟು ಜೋರಾಗಿಯೇ ನಕ್ಕರು.

“ಹಾಡ್ರಿ, ಹಾಡ್ರಿ! ದಿನಾ ಮಾಳಿಗಿ ಮ್ಯಾಲೆ ನಿಂತು ಹಾಡ್ರಿ! ಗಾಡಿ ಮುಗಿಸಿ ಅಡ್ಡಹೊತ್ತಿನ್ಯಾಗ ಮನಿಗೆ ಬಂದು ಬಾಗಿಲಾ ಬಡದದ್ದು ನೆನಪೈತಿಲ್ಲೋ?”

“ಅದು ಡ್ಯೂಟಿ ಇತ್ತು,” ಎಂದರು ಕಾಕಾ.

“ಎಲ್ಲಾದೂ ಡ್ಯೂಟಿನಾ?”

ಕಾಕಾ ಹುಡುಗಿಯ ಕಡೆ ತಿರುಗಿ, ಮುದುಕನಾದ ಮೇಲೆ ಹಾಡಿದ್ದರಲ್ಲೂ ಅದೇ ಮಾತುಗಳೇ ಇವೆಯೇ ಎಂದು ಕೇಳಿದರು.

“ಮಾತು ಅದೇ ಅಂಕಲ್. ಆದ್ರೆ ಹರೆಯದಲ್ಲಿ ಅವ ಹಟ ಮಾಡಿ ಕೂಗ್ತಾನೆ. ಮುದುಕ ಆದ ಮೇಲೆ ಮೆಲ್ಲಗೆ ಹೇಳ್ತಾನೆ. ಅವಳು ತೆಗೆದೇ ತೆಗೀತಾಳೆ ಅಂತ ಅವನಿಗೆ ಗೊತ್ತುಂಟು, ನೋಡಿ.”

ಕಾಕಾ ಹೌದೆಂಬಂತೆ ಗೋಣು ಹಾಕಿದರು. ಆ ಎರಡು ರೆಕಾರ್ಡಿಂಗುಗಳಲ್ಲಿ ನಾನು ಅಷ್ಟು ದಿನ ಹಲ್ಲನ್ನಷ್ಟೇ ಕೇಳುತ್ತಿದ್ದೆ. ಅಂದು ಮಧ್ಯಾಹ್ನ ಒಬ್ಬಳೇ ಕೂತು ಎರಡನ್ನೂ ಮತ್ತೆ ಹಾಕಿದೆ. ಹುಡುಗಿ ಹೇಳಿದ್ದು ನಿಜ. ಮುದುಕನ ದನಿಯಲ್ಲಿ ಆತುರವೇ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂದು, ಹಲ್ಲಿನ ಡಾಕ್ಟರು ಹಲ್ಲಿನ ಕುರ್ಚಿಯಲ್ಲೇ ಅಳುವುದನ್ನು ಯಾರಾದರೂ ನೋಡಿದರೆ ದಂಧೆಯ ಗತಿ ಏನು ಎಂದು ಎದ್ದು ಮುಖ ತೊಳೆದುಕೊಂಡೆ.

ಯುಗಾದಿಗೆ ಕಾಲೊನಿಯ ಹಾಲ್‌ನಲ್ಲಿ ಕನ್ನಡದ ಮನೆಗಳೆಲ್ಲ ಸೇರಿದಾಗ ಕಾಕಾ ನಮ್ಮನ್ನು ಕರೆದರು. ಹುಡುಗಿಯೂ ಬಂದಿದ್ದಳು. ಮೊದಲು ತಂಬೋಲಾ. ಮೈಕ್ ಹಿಡಿದದ್ದು ಕಾಕಾ. ಅರವತ್ತಾರು ಬಂದಾಗ ಹಾಲ್ ಉಸಿರು ಬಿಗಿಹಿಡಿಯಿತು. ಕಾಕಾ ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಊರಿ, “ಸಿಕ್ಸ್ಟಿ... ಸಿಕ್ಸ್” ಎಂದರು. ಶಿಳ್ಳೆ ಪೂರ್ತಿ ಹೋಗಿರಲಿಲ್ಲ, ಕೊನೆಯಲ್ಲಿ ಒಂದೆಳೆ ಉಳಿದಿತ್ತು. ನಾನು ತಿದ್ದಿದ್ದರಿಂದ ಅಷ್ಟು ಸುಧಾರಿಸಿತೋ, ಫ್ರೆಂಚಿನಿಂದಲೋ ಹೇಳಲಾರೆ. ಹಿಂದಿನ ಸಾಲಿನಿಂದ ಯಾರೋ ಕುಕ್ಕರ್ ಎಂದರು. “ಅನ್ನ ಆಗೈತಿ, ಮುಂದಿನ ನಂಬರ್ ಕೇಳ್ರಿ!” ಎಂದು ಕಾಕಾ ಅಷ್ಟೇ ಚುರುಕಾಗಿ ತಿರುಗೇಟು ಕೊಟ್ಟರು. ಹಾಲ್ ನಕ್ಕಿತು, ಅವರೂ ನಕ್ಕರು.

ಆಟ ಮುಗಿದ ಮೇಲೆ ಕಾಕಾ ಮೈಕ್ ಬಿಟ್ಟುಕೊಡಲಿಲ್ಲ. ಹಾಡಿನ ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಿದರು. ಗಂಡ, ಬಾಗಿಲು, ಒಳಗೆ ಕುದಿಯುವ ಸಾರು. ಆಮೇಲೆ ತಮ್ಮದೇ ಫ್ರೆಂಚಿನಲ್ಲಿ ಹಾಡತೊಡಗಿದರು. ಹುಡುಗಿ ನನ್ನ ಕಿವಿಯಲ್ಲಿ, “ಅರ್ಧ ಶಬ್ದ ಫ್ರೆಂಚೇ ಅಲ್ಲ ಡಾಕ್ಟ್ರೇ, ಆದ್ರೆ ಭಾವ ಸರಿ ಉಂಟು,” ಎಂದಳು. ಮೊದಲ ನುಡಿ ಮುಗಿದು ಕಾಕಾ ಉಸಿರೆಳೆದುಕೊಂಡ ಗಳಿಗೆಯಲ್ಲಿ ಹೆಂಗಸರ ಸಾಲಿನಿಂದ ಕಾಕುವಿನ ದನಿ ಎದ್ದಿತು.

“ಬಾಗಿಲಾ ತೆಗಿಯಂಗಿಲ್ಲ!”

ಹಾಲ್ ಗೊಳ್ಳೆಂದಿತು. ಕಾಕಾ ಬಿಡದೆ ಎರಡನೆಯ ನುಡಿ ಎತ್ತಿಕೊಂಡರು, ಇನ್ನೂ ದೀನರಾಗಿ, ಕೈ ಜೋಡಿಸಿ. ಅದು ಮುಗಿದಾಗ ಕಾಕುವಿನ ಜೊತೆ ಆ ಸಾಲಿನ ಹೆಂಗಸರೆಲ್ಲ ಸೇರಿ ಒಂದೇ ದನಿಯಲ್ಲಿ, “ಬಾಗಿಲಾ ತೆಗಿಯಂಗಿಲ್ಲ!” ಎಂದರು. ಮೂರನೆಯ ನುಡಿಯ ಹೊತ್ತಿಗೆ ಮಕ್ಕಳೂ ಸೇರಿಕೊಂಡಿದ್ದರು. ಕೊನೆಗೆ ಕಾಕಾ ಹಾಡು ನಿಲ್ಲಿಸಿ ಹಾಗೇ ನಿಂತರು, ಹೆಂಡತಿಯ ಕಡೆ ನೋಡುತ್ತ. ಕಾಕು ಎದ್ದು ನಿಂತು ಸೆರಗು ಸರಿಮಾಡಿಕೊಂಡು, “ಸಾಕು ಬರ್ರಿ, ಸಾರು ಆರತೈತಿ,” ಎಂದರು. ಅಷ್ಟು ಚಪ್ಪಾಳೆ ಆ ಹಾಲ್‌ನಲ್ಲಿ ಮತ್ಯಾರಿಗೂ ಬಿದ್ದದ್ದನ್ನು ನಾನು ಕೇಳಿಲ್ಲ.

ಊಟಕ್ಕೆ ಕೂತಾಗ ಮೂರು ನಾಲ್ಕು ಹೆಂಗಸರು ನನ್ನ ಎಲೆಯ ಸುತ್ತ ನೆರೆದರು. ಮುಂದಿನ ಸಲ ಹೆಂಗಸೇ ಹಾಡುವಂಥದ್ದು ಬೇಕಂತೆ, ಗಂಡಸರು ಬರೀ ಹೂಂಗುಟ್ಟಬೇಕಂತೆ. ಬೀದಿಗೆಲ್ಲ ಕೇಳುವಂತೆ ಹಾಡುವ ಆಕೆ ನನಗೆ ನೆನಪಾದಳು. ಆಕೆಯ ಹೆಸರು ಹೇಳಿ, ಹುಡುಕುತ್ತೇನೆ ಎಂದೆ. ಪಕ್ಕದಲ್ಲಿ ಕೂತಿದ್ದ ಮಂಗಳೂರಿನ ಹುಡುಗಿ ಹೋಳಿಗೆ ಮುರಿಯುತ್ತ, “ಮೊದಲು ನನ್ನ ಹತ್ರ ಅರ್ಥ ಕೇಳಿ ಡಾಕ್ಟ್ರೇ,” ಎಂದಳು. “ಅವಳದ್ದು ಕೆಲವು ಹಾಡು ಗಂಡಸರ ಎದುರು ಹೇಳ್ಲಿಕ್ಕೆ ಆಗುದಿಲ್ಲ.”

“ಹಂಗಾದ್ರ ಅದನ್ನ ಹಾಕ್ರಿ,” ಎಂದು ಎದುರು ಸಾಲಿನಿಂದ ಕಾಕು ಕೂಗಿದರು.